ಎರಡನೆಯವರು ಹೇಳುವ ತನಕ

ಶವದ ಹಣೆಗೆ ವಿಭೂತಿ ಹಚ್ಚಲು ಬಾಗಿದ ರುದ್ರವ್ವನ ಕೈಯನ್ನು ಮಗಳು ಸೌಮ್ಯಾ ಹಿಡಿದಳು.

“ಅವ್ವಾ, ಪ್ಲೀಸ್. ವೆರ್ನರ್ ಅಂಕಲ್ ಚರ್ಚಿಗೆ ಹೋಗೋರು.”

“ಹೋಗ್ಲಿ ಬಿಡ. ಹನ್ನೊಂದು ವರ್ಷ ನಮ್ಮ ಬೇಸ್‌ಮೆಂಟಿನ್ಯಾಗ ಇದ್ದು ನನ್ನ ಕೈ ರೊಟ್ಟಿ ತಿಂದಾರ. ಬರೇ ಹಣೀಲೆ ಕಳಸ್ಲೇನು?”

ಹಚ್ಚಿಯೇ ಬಿಟ್ಟಳು. ಬೇಡ ಅನ್ನಲು ರೆಕ್ಸ್‌ಡೇಲಿನ ಆ ಶವಸಂಸ್ಕಾರದ ಚಾಪೆಲ್ಲಿನಲ್ಲಿ ಜನರಾದರೂ ಎಲ್ಲಿದ್ದರು? ಇವರಿಬ್ಬರು, ಬರ್ಲಿಂಗ್ಟನ್ನಿನಿಂದ ಬಂದ ವೆರ್ನರನ ತಂಗಿಯ ಮಗಳು ಉಟೆ, ಗಡಿಯಾರ ನೋಡುತ್ತಿದ್ದ ಪಾದ್ರಿ, ಅಷ್ಟೆ. ವೆರ್ನರ್ ಜರ್ಮನಿಯಿಂದ ಬಂದು ನಲವತ್ತು ವರ್ಷ ಇಲ್ಲಿಯ ವಾರಪತ್ರಿಕೆಗೆ ಬರೆದವನು. ಯಾವ ಗೋದಾಮಿನ ಕೆಳಗೆ ಯಾರ ಹೊಲವಿತ್ತು, ಯಾವ ಫ್ಯಾಕ್ಟರಿಯಲ್ಲಿ ಯಾರ ಬೆರಳು ಹೋಯಿತು, ಎಲ್ಲ ಹುಡುಕಿ ಹುಡುಕಿ ಬರೆದಿಟ್ಟವನು. ಅವನು ಹೋದ ಸುದ್ದಿ ಹಾಕಲು ಆ ಪತ್ರಿಕೆಯೇ ಈಗ ಇರಲಿಲ್ಲ.

*

ರುದ್ರವ್ವನ ಗಂಡ ನಿಜಗುಣ ಫ್ಯಾಕ್ಟರಿಯಲ್ಲಿ ಸತ್ತು ಏಳು ವರ್ಷ. ಕಂಪನಿಯ ಕಾಗದದಲ್ಲಿ ‘ಅಪಘಾತ’ ಎಂದಷ್ಟೇ ಇತ್ತು. ಹೋದ ಚಳಿಗಾಲ ವೆರ್ನರ್ ಅದೇ ಶಿಫ್ಟಲ್ಲಿದ್ದ ಈಶ್ವರಪ್ಪನನ್ನು ಆಸ್ಪತ್ರೆಯಲ್ಲಿ ಪತ್ತೆಮಾಡಿ, ಅವನು ಸಾಯುವ ಮುಂಚೆ ಎಲ್ಲ ಕೇಳಿ ಬರೆದುಕೊಂಡು ಬಂದ.

“ಏನಂದ್ರಂತ?” ರುದ್ರವ್ವ ಬಾಗಿಲಲ್ಲೇ ಕೇಳಿದಳು. ಸೌಮ್ಯಾ ನಡುವೆ ನಿಂತು ಇಬ್ಬರ ಮಾತನ್ನೂ ತಿರುಗಿಸಿ ಹೇಳಿದಳು.

“ಎರಡನೆಯವರೂ ಅದನ್ನೇ ಹೇಳುವ ತನಕ ನಾನು ಬಾಯಿ ಬಿಡುವುದಿಲ್ಲ, ರುದ್ರವ್ವ.”

“ನಾ ಏನ್ ಪೇಪರಿಗೆ ಹಾಕಂದೆನೇನ್ರಿ? ಸುಳ್ಳಿದ್ರೂ ಹೇಳ್ರಿ, ನನಗ ಸಾಕು.”

ಅವನು ತಲೆ ತಗ್ಗಿಸಿದ. ಹರೆಯದಲ್ಲಿ ಒಬ್ಬನ ಮಾತು ನಂಬಿ ಬರೆದು, ತಪ್ಪಿಲ್ಲದವನ ಮಾನ ಕಳೆದಿದ್ದನಂತೆ. ಅಂದಿನಿಂದ ಈ ಹಟ. ಎರಡನೆಯ ಸಾಕ್ಷಿಗಾಗಿ ಊರೂರು ಫೋನು ಮಾಡುತ್ತಲೇ ಇದ್ದ, ಮೊನ್ನೆ ಮಂಗಳವಾರ ಎದೆನೋವು ಬರುವ ತನಕ.

*

ಪ್ರಾರ್ಥನೆ ಮುಗಿಯಿತು. ರುದ್ರವ್ವ ಸೆರಗಿನೊಳಗಿಂದ ವೆರ್ನರನ ನೋಟ್‌ಬುಕ್ಕು ತೆಗೆದು ಉಟೆಯ ಕೈಗಿಟ್ಟಳು. “ಓದವ್ವ, ನಿಮ್ಮ ಭಾಷಿ.”

ಉಟೆ ಹಾಳೆ ತಿರುವಿ ನಿಟ್ಟುಸಿರು ಬಿಟ್ಟಳು. “ಇದು ಶಾರ್ಟ್‌ಹ್ಯಾಂಡ್. ಅದನ್ನೂ ಮಾವ ತನಗೆ ಬೇಕಾದ ಹಾಗೆ ತಿದ್ದಿಕೊಂಡಿದ್ದ. ಅವನ ಹಳೆಯ ಪುಸ್ತಕಗಳನ್ನು ಬಲ್ಲವರಿಗೆಲ್ಲ ತೋರಿಸಿದ್ದೇನೆ, ಯಾರಿಗೂ ಒಂದು ಸಾಲು ಹತ್ತಲಿಲ್ಲ. ಎಡಗಡೆ ಮೊದಲು ಹೇಳಿದವರದು, ಬಲಗಡೆ ಎರಡನೆಯವರದು. ನನಗೆ ಗೊತ್ತಿರುವುದು ಇಷ್ಟೇ.”

ಸೌಮ್ಯಾ ತಿರುಗಿಸಿ ಹೇಳುತ್ತ ಅತ್ತೇಬಿಟ್ಟಳು. ರುದ್ರವ್ವ ಅಳಲಿಲ್ಲ. ಪುಸ್ತಕ ವಾಪಸು ಇಸಿದುಕೊಂಡು ಒಂದೊಂದೇ ಹಾಳೆ ನೋಡಿದಳು. ಎಲ್ಲ ಎರಡೂ ಕಡೆ ತುಂಬಿದ್ದವು. ಕೊನೆಯ ಹಾಳೆಯಲ್ಲಿ ಎಡಕ್ಕೆ ಮಾತ್ರ ಒತ್ತೊತ್ತಾಗಿ ಗೀರುಗಳು, ಬಲಕ್ಕೆ ಖಾಲಿ.

“ಇದು ನಿಮ್ಮಪ್ಪಂದು,” ಅಂದಳು.

ಸಿಬ್ಬಂದಿ ಶವದ ಪೆಟ್ಟಿಗೆಯನ್ನು ಒಳಗೆ ತಳ್ಳಿಕೊಂಡು ಹೋದರು. ರುದ್ರವ್ವ ಬೆಂಚಿನ ಮೇಲೆ ಕುಳಿತು ಮಗಳ ಹತ್ತಿರ ಪೆನ್ನು ಕೇಳಿದಳು. ಬಲಗಡೆಯ ಖಾಲಿಯಲ್ಲಿ ದಪ್ಪ ದಪ್ಪ ಅಕ್ಷರದಲ್ಲಿ ಬರೆಯತೊಡಗಿದಳು:

‘ಮುಂಜಾನೆ ಐದೂವರಿಗೆ ಚಾ ಕುಡದ್ರು. ಮೈಯಾಗ ಜ್ವರ ಇತ್ತು. ಹೋಗಬ್ಯಾಡ್ರಿ ಅಂದೆ. ಹೋದ್ರು. ಮುಂದಿಂದು ನನಗ ಗೊತ್ತಿಲ್ಲ.’