ಹಣೆಗೊತ್ತಿದ ಕೈ

"ಕೂತ್ಕೊಳ್ಳೋ, ಕಂಬದ ಥರ ನಿಂತೇ ಇದೀಯಲ್ಲ!" ಅಂದಳು ಪಾಸಿಂಗ್ ಅಜ್ಜಿ. ಹೇಳಿದ ಮೇಲೆಯೇ ರೊಡೆಲ್ ಕೂತದ್ದು, ಅದೂ ಕುರ್ಚಿಯ ಅಂಚಿನಲ್ಲಿ, ಬೆನ್ನು ನೆಟ್ಟಗೆ ಮಾಡಿಕೊಂಡು.

ನೆನಿಟಾ ಮಗನಿಗೆ ಅನ್ನ, ಹುಳಿ ಮೀನುಸಾರು ಬಡಿಸಿದಳು. ಇಲೊಯಿಲೊ ಪಟ್ಟಣದ ನಾವಿಕ ಕಾಲೇಜಿಗೆ ಕೆಡೆಟ್ ಆಗಿ ಸೇರಿದವನು ಇದೇ ಮೊದಲ ಸಲ ದ್ವೀಪಕ್ಕೆ ಬಂದಿದ್ದ. ಸಂಜೆಯೊಳಗೆ ವಾಪಸು ಹೋಗಬೇಕು. ಮೊದಲೆಲ್ಲ ಬಾಯಲ್ಲಿ ಅನ್ನ ಇಟ್ಟುಕೊಂಡೇ ಊರ ಸುದ್ದಿಯೆಲ್ಲ ಹೇಳುತ್ತಿದ್ದ ಹುಡುಗ ಈಗ ಎದುರಿನ ಗೋಡೆ ನೋಡುತ್ತ ಗಬಗಬ ತಿನ್ನುತ್ತಿದ್ದ.

"ಏನು ಶಿಸ್ತು ನೋಡೇ! ನನ್ನ ಮಗ ಹಡಗಿನ ತಳದಲ್ಲಿ ಇಂಜಿನ್‌ಗೆ ಎಣ್ಣೆ ಹಾಕ್ತಾನೇ ಮುದುಕ ಆದ. ಇವನು ಮೇಲ್ಗಡೆ ನಿಂತು ಹಡಗು ನಡೆಸೋನು," ಅಜ್ಜಿ ಹಿಗ್ಗಿದಳು.

ಕಾಲೇಜಿಗೆ ಸೇರಿಸುವ ದಿನ ನೆನಿಟಾಳೂ ಹಿಗ್ಗಿದ್ದಳು. "ಬರೀ ಸೋಮಾರಿ ಸಾರ್. ಎರಡೇಟು ಹಾಕಿಯಾದ್ರೂ ಮನುಷ್ಯನ್ನ ಮಾಡಿ," ಎಂದು ಅಧಿಕಾರಿಗೆ ಮಗನ ಎದುರೇ ಹೇಳಿದ್ದಳು. ತಾಯಂದಿರೆಲ್ಲ ಹೀಗೇ ಹೇಳಿ ನಗುತ್ತಾರೆ. ಅಧಿಕಾರಿಯೂ ನಕ್ಕಿದ್ದ.

ಮಗನ ಕಾಲರಿನ ಮೇಲೊಂದು ಅಗುಳು ಕಂಡಿತು. ತೆಗೆಯಲು ಕೈ ಚಾಚಿದಳು. ರೊಡೆಲ್ ತಟ್ಟನೆ ಎದ್ದ; ಕುರ್ಚಿ ಹಿಂದಕ್ಕೆ ಉರುಳಿತು. ಕಣ್ಣು ಮುಚ್ಚಿ, ಹೊಟ್ಟೆ ಬಿಗಿಹಿಡಿದು, ಎದೆ ಮುಂದೆ ಮಾಡಿ, "ಸಿದ್ಧ, ಸಾರ್!" ಅಂದ.

ಅಜ್ಜಿ ಕಿಸಕ್ಕನೆ ನಕ್ಕಳು. ನೆನಿಟಾ ಚಾಚಿದ ಕೈ ಹಿಂದಕ್ಕೆಳೆದುಕೊಂಡಳು.

"ಯಾರೋ ನಿಂಗೆ ಹೊಡೆಯೋದು?"

"ಸೀನಿಯರ್‌ಗಳು. ಎಲ್ಲಾರ್ಗೂ ಹೊಡೀತಾರಮ್ಮ. ಅಳ್ದೇ ಇದ್ರೆ ಬೇಗ ಬಿಡ್ತಾರೆ."

"ನಂಗ್ಯಾಕೋ ಹೇಳ್ಲಿಲ್ಲ?"

ರೊಡೆಲ್ ಕುರ್ಚಿ ಎತ್ತಿ ನಿಲ್ಲಿಸಿದ. "ಹೊಡೀರಿ ಅಂತ ನೀನೇ ಹೇಳಿದ್ಯಲ್ಲಮ್ಮ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು.

ದೋಣಿಕಟ್ಟೆಯವರೆಗೂ ಅವನ ಚೀಲ ತಾನೇ ಹೊತ್ತಳು. ಅಲ್ಲಿ ಕೊಡಲು ಮನಸ್ಸು ಬರಲಿಲ್ಲ.

"ಹೋಗ್ಬೇಡ ಕಂದಾ. ಹಡಗೂ ಬೇಡ, ಏನೂ ಬೇಡ. ಅಪ್ಪಂಗೆ ನಾನು ಹೇಳ್ತೀನಿ."

"ನಾನು ಹೋಗ್ಲಿಲ್ಲ ಅಂದ್ರೆ ನನ್ನ ಪಾಲಿನ ಏಟು ರೂಮಿನೋರಿಗೆ ಬೀಳತ್ತೆ. ಆರ್ವಿನ್‌ಗೆ ಈಗ್ಲೇ ಪಕ್ಕೆ ನೋವು, ಉಸಿರೆಳೆಯೋಕೂ ಆಗಲ್ಲ."

ಆ ಆರ್ವಿನ್‌ಗೂ ಒಬ್ಬ ತಾಯಿ ಇರಬೇಕು. ಚೀಲ ಕೊಟ್ಟಳು.

ಹೊರಡುವವರು ಹಿರಿಯರ ಕೈ ಹಣೆಗೊತ್ತಿಕೊಳ್ಳುವುದು ವಾಡಿಕೆ. ನೆನಿಟಾ ಮಾತ್ರ ಕೈ ಚಾಚಲು ಹೆದರಿ ಸುಮ್ಮನೆ ನಿಂತಳು. ರೊಡೆಲ್ ತಾನೇ ಅವಳ ಕೈ ಹಿಡಿದು, ಬಗ್ಗಿ, ಹಣೆಗೊತ್ತಿಕೊಂಡ. ಅದು ಒಂದು ಕ್ಷಣದ ಕೆಲಸ. ಆದರೆ ಅವನು ತಲೆ ಎತ್ತಲಿಲ್ಲ.

"ಏ ಹಡಗಿನ ಸಾಹೇಬ, ಬರ್ತೀಯೋ ಇಲ್ವೋ?" ದೋಣಿಯವನು ಕೂಗಿದ.

ಕೈಬೆನ್ನು ಒದ್ದೆಯಾಗುತ್ತ ಬಂತು. ಅವಳು ಕೈ ಅಲುಗಿಸಲಿಲ್ಲ.