ಎಡಗಾಲಿನ ತುಟಿ

ಹೊಸ ಶೂಗಳಿಗೆ ಕೊಳೆ ಹಚ್ಚುವುದು ನನ್ನ ಕೆಲಸವಾಗಿತ್ತು. ಬಾಯಿಬಿಟ್ಟು ಹೇಳುವುದಕ್ಕೂ ಅಸಹ್ಯ. ಚಹಾದ ಗಸಿ, ದೀಪದ ಮಸಿ, ನೀರಾಗಿಸಿದ ಅಂಟು ಇವನ್ನು ಬೋಗುಣಿಯಲ್ಲಿ ಕಲಸಿ, ಹಾಲಿನಂಥ ಕ್ಯಾನ್ವಾಸಿನ ಮೇಲೆ ಸ್ಪಂಜಿನಿಂದ ಒತ್ತಬೇಕು. ಒಣಗಿದ ಮೇಲೆ ಯಾರೋ ವರ್ಷಗಟ್ಟಲೆ ಹಾಕಿಕೊಂಡು ಬೆವರಿದ ಹಾಗೆ ಕಾಣುತ್ತದೆ. ಯಾರೂ ಬೆವರಿರುವುದಿಲ್ಲ. ಹಳತಾಗಿ ಕಾಣುವ ಶೂವಿಗೇ ಈಗ ಹೆಚ್ಚು ಬೆಲೆ. ಕೋಣೆಯ ತುಂಬ ಹಳಸಲು ವಾಸನೆ. ಊಟದ ಡಬ್ಬಿ ತೆರೆದರೆ ಅದರೊಳಗೂ ಅದೇ.

ಪಕ್ಕದ ಮೇಜಿನಲ್ಲಿ ಉಪ್ಪುಕಾಗದ ಹಿಡಿದು ಅಂಚು ಸವೆಸುವವಳನ್ನು ಎಲ್ಲರೂ ಗಿಣಿ ಎನ್ನುತ್ತಿದ್ದರು. ಬಾಯಿಗೆ ಬಿಡುವಿಲ್ಲ.

"ಅಕ್ಕಾ, ನಮ್ಮಮ್ಮ ನನ್ನ ಶೂ ತಿಕ್ಕಿ ತಿಕ್ಕಿ ಬೆರಳು ಸವೆಸಿಕೊಂಡ್ಲು. ಈಗ ಕೊಳೆ ಮಾಡೋದಕ್ಕೆ ಸಂಬಳ ಕೊಡ್ತಾರೆ ಅಂದ್ರೆ ಕಪಾಳಕ್ಕೇ ಬಾರಿಸ್ತಾಳೆ."

ಈ ಶೂ ಹುಟ್ಟಿದ್ದು ನಮ್ಮ ದೊಡ್ಡಪ್ಪನ ಕೈಯಲ್ಲಿ. ಅವರು ಇದೇ ಕಾರ್ಖಾನೆಯಲ್ಲಿ ಕತ್ತರಿಸುವ ವಿಭಾಗದ ಮಾಸ್ಟರ್ ಆಗಿದ್ದರು. ಆಗಿನ ಶೂಗಳೆಂದರೆ ಪಟ್ಟಿ, ಬಕಲ್ಲು, ತೂತು, ಅಲಂಕಾರದ ಹೊಲಿಗೆ; ಕಾಲಿಗೆ ಕಲ್ಲು ಕಟ್ಟಿದಷ್ಟು ಭಾರ. ದೊಡ್ಡಪ್ಪ ಒಂದೊಂದನ್ನೇ ಕಿತ್ತು ಹಾಕಿದರು. ಕೊನೆಗೆ ಉಳಿದದ್ದು ಬಿಳಿ ಬಟ್ಟೆ, ರಬ್ಬರಿನ ತಳ, ಒಂದೇ ಸಾಲಿನ ಹೊಲಿಗೆ. ಆ ಶೂವನ್ನು ಮದುಮಗ ಹಾಕಿಕೊಂಡ, ಗಾರೆ ಕೆಲಸದವನೂ ಹಾಕಿಕೊಂಡ. ಅಜ್ಜಿಯರು ಹಾಕಿದರು, ಮೊಮ್ಮಕ್ಕಳೂ ಹಾಕಿದರು. ಕಳೆಯುವುದಕ್ಕೆ ಏನೂ ಉಳಿದಿರದ ವಸ್ತುವಿಗೆ ಮುಪ್ಪು ಬರುವುದಾದರೂ ಎಲ್ಲಿಂದ?

ಜನ ಮರುಳಾಗಿದ್ದು ಮಾತ್ರ ಮೂತಿಯ ಮೇಲೆ ಮಡಚಿ ಕೂತ ಮೆತ್ತನೆ ರಬ್ಬರಿಗೆ. ನಾವು ಅದಕ್ಕೆ ತುಟಿ ಅನ್ನುತ್ತೇವೆ. ಶೂ ನಗುತ್ತಿರುವ ಹಾಗಿದೆ ಎಂದು ಪತ್ರಿಕೆಯವರು ಬರೆದರು. ಅದು ನಗುವಲ್ಲ ಎಂಬುದು ನಮ್ಮ ಮನೆಯವರಿಗಷ್ಟೇ ಗೊತ್ತು. ದೊಡ್ಡಪ್ಪನಿಗೆ ಚಿಕ್ಕಂದಿನ ಕಾಯಿಲೆಯಿಂದ ಎಡಗಾಲು ಬಡವಾಗಿತ್ತು. ನಡೆದರೆ ಬೆರಳ ತುದಿ ನೆಲಕ್ಕೆ ಉಜ್ಜುತ್ತಿತ್ತು, ಗಟ್ಟಿ ಶೂವಿನಲ್ಲಿ ಸರ್ ಸರ್ ಎಂದು ಸದ್ದಾಗುತ್ತಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಾರೋ ಆ ಸದ್ದನ್ನು ಬಾಯಲ್ಲಿ ಅಣಕಿಸಿದ್ದರಂತೆ. ಅದು ಕೇಳಿಸಬಾರದೆಂದೇ ಆ ತುಟಿ. ಎಡಕ್ಕೆ ಮಾತ್ರ ಇಟ್ಟರೆ ಗುಟ್ಟು ರಟ್ಟಾಗುತ್ತದೆಂದು ಬಲಕ್ಕೂ ಇಟ್ಟರು. ಸಂಜೆ ಅವರು ಮನೆಗೆ ಬಂದರೆ ಹೆಜ್ಜೆಯ ಸದ್ದೇ ಇರುತ್ತಿರಲಿಲ್ಲ. ಗುನುಗಿಕೊಂಡ ಪದ್ಯ ಮೊದಲು ಒಳಗೆ ಬರುತ್ತಿತ್ತು, ಹಿಂದಿನಿಂದ ಅವರು. ತಾವು ನಡೆಯುವುದನ್ನು ಯಾರೂ ನೋಡದ ಹಾಗೆ ಎಲ್ಲರಿಗಿಂತ ಮೊದಲು ಹೋಗಿ ಕೂರುವುದು, ಎಲ್ಲರೂ ಹೋದ ಮೇಲೆ ಏಳುವುದು, ಇದು ಅವರ ಜೀವಮಾನದ ಶಿಸ್ತು.

ಆ ಶೂವಿನ ಹಬ್ಬ ಮಾಡುತ್ತೇವೆಂದು ಕಂಪನಿಯ ಪ್ರಚಾರದ ಮೇಡಂ ಮನೆಗೆ ಬಂದು ದೊಡ್ಡಪ್ಪನ ಹಳೇ ಜೋಡಿಯನ್ನು ಕೇಳಿದರು.

"ಗಾಜಿನ ಪೆಟ್ಟಿಗೇಲಿಡಿ, ಬಲಗಾಲಿಂದು ಮುಂದೆ ಇರ್ಲಿ" ಎಂದಷ್ಟೇ ಹೇಳಿ ದೊಡ್ಡಪ್ಪ ಕೊಟ್ಟರು.

ಜೋಡಿ ಗಾಜಿನ ಪೆಟ್ಟಿಗೆಗೆ ಹೋಗಲಿಲ್ಲ, ನಮ್ಮ ಮೇಜಿಗೆ ಬಂತು; ಹೊಸ ಜೋಡಿಗಳನ್ನು ಅದರಂತೆಯೇ ಹಳತಾಗಿಸಿ ಮಾರಬೇಕಂತೆ. ಎಡಗಾಲಿನ ತುಟಿ ಓರೆಯಾಗಿ ಸವೆದು ಬಟ್ಟೆ ಇಣುಕುತ್ತಿತ್ತು. ಮೇಡಂ ಅದನ್ನು ಬೆರಳಿನಿಂದ ಸವರಿದರು.

"ಎಷ್ಟು ಚೆಂದ ಅಲ್ವಾ? ಒಂದೇ ಕಾಲಿಗೆ! ಎಲ್ಲಾ ಜೋಡೀಲೂ ಎಡಗಾಲಿಂದು ಹೀಗೇ ಬರ್ಬೇಕು."

"ಮೇಡಂ, ಎಡಗಾಲಿಂದು ಬಿಟ್ಬಿಡೋಣ. ಸವೆದಿದ್ದನ್ನ ಯಾರು ತಗೋತಾರೆ?" ಎಂದೆ.

"ಸವೆದಿದ್ದಕ್ಕೇ ಸಾಯ್ತಾರೆ ಜನ!"

ಬೇಡವೆನ್ನಲು ನನ್ನ ಹತ್ತಿರ ಇದ್ದದ್ದು ಒಂದೇ ಕಾರಣ. ಅದನ್ನು ಹೇಳುವ ಹಾಗಿರಲಿಲ್ಲ. ಗಿಣಿ ಉಜ್ಜಿದಳು. ಸಂಜೆಯ ಹೊತ್ತಿಗೆ ಗೋಡೆಯುದ್ದಕ್ಕೂ ಎಡಗಾಲಿನ ಶೂಗಳು ಸಾಲಾಗಿ ಕುಂಟುತ್ತ ನಿಂತಿದ್ದವು. ದೊಡ್ಡಪ್ಪ ಯಾರ ಕಣ್ಣಿಗೂ ಬೀಳದಂತೆ ಹೊತ್ತು ತಿರುಗಿದ್ದನ್ನು ನಾವು ಅಂಗಡಿಗೆ ಹಾಕಲು ಹೊರಟಿದ್ದೆವು.

ಮನೆಗೆ ಹೋಗಿ ಹೇಳಿದೆ. "ದೊಡ್ಡಪ್ಪ, ನೀವು ಸಮಾರಂಭಕ್ಕೆ ಬರೋದು ಬೇಡ."

"ಯಾಕೆ, ನನ್ನ ಶೂವಿನ ಮೆರವಣಿಗೆಗೆ ನನಗೇ ಆಮಂತ್ರಣ ಇಲ್ವಾ?"

"ಎಡಗಾಲಿಂದನ್ನೂ ಸವೆದ ಹಾಗೇ ಮಾಡ್ತಿದಾರೆ."

ದೊಡ್ಡಪ್ಪನ ಮುಖದ ನಗು ನಿಂತಿತು. "ಎಲ್ಲಾದಕ್ಕೂನಾ?"

"ಎಲ್ಲಾದಕ್ಕೂ."

"ಹಾಗಾದ್ರೆ ಬರ್ಲೇಬೇಕು."

ಸಮಾರಂಭದ ದಿನ ದೊಡ್ಡಪ್ಪ ಎಲ್ಲರಿಗಿಂತ ಮುಂಚೆ ಬಂದು ವೇದಿಕೆಯ ಕುರ್ಚಿಯಲ್ಲಿ ಕೂತರು. ಆಮೇಲೆ ಜನ ತುಂಬಿದರು, ಕ್ಯಾಮೆರಾಗಳು ನಿಂತವು. ಶೂ ಒಪ್ಪಿಸುವ ನೆಪದಲ್ಲಿ ನಾನೂ ಅವರ ಹಿಂದೆಯೇ ನಿಂತೆ. ಮೇಡಂ ಎಡಗಾಲಿನ ಹಳೇ ಶೂವನ್ನು ಎತ್ತಿ ತೋರಿಸಿದರು.

"ಮಾಸ್ಟರ್, ಇದು ಹೇಗೆ ಸವೀತು? ಫುಟ್‌ಬಾಲಾ, ಡಾನ್ಸಾ? ನಾವು ಏನೇನೋ ಮಾಡಿ ನೋಡಿದ್ವಿ. ಹೀಗೆ ಎಳ್ಕೊಂಡು ನಡೆದ್ರೆ ಮಾತ್ರ ಈ ತರ ಸವೆಯತ್ತೆ!" ಎನ್ನುತ್ತ ವೇದಿಕೆಯ ಈ ತುದಿಯಿಂದ ಆ ತುದಿಗೆ ಎಡಗಾಲು ಎಳೆದುಕೊಂಡು ನಡೆದರು. ಸರ್. ಸರ್. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ಒಬ್ಬ ಸಿಳ್ಳೆ ಹಾಕಿದ.

ದೊಡ್ಡಪ್ಪನ ಕಿವಿಯ ತುದಿ ಕೆಂಪಾಗಿತ್ತು. ಅವರು ಕೈ ಚಾಚಿ ಶೂ ಇಸಿದುಕೊಂಡರು, ಹೆಬ್ಬೆರಳಿನಿಂದ ತುಟಿಯನ್ನು ಒತ್ತಿ ನೋಡಿದರು.

"ಕಥೆ ಏನೂ ಇಲ್ಲಮ್ಮ. ರಬ್ಬರು ಸರಿಯಾಗಿ ಬೆಂದಿಲ್ಲ, ಹಾಗಾಗಿ ಬೇಗ ಸವೆದಿದೆ. ಇದು ಕೆಟ್ಟ ಮಾಲು. ಇಂಥದ್ದನ್ನ ನಾನು ಬಾಗಿಲು ದಾಟೋಕೆ ಬಿಡ್ಬಾರ್ದಿತ್ತು. ಮಗಳೇ, ಚಾಕು ಕೊಡು."

ನಮ್ಮಲ್ಲಿ ಕೆಟ್ಟ ಮಾಲನ್ನು ಹಿತ್ತಿಲ ದಾರಿಯಲ್ಲಿ ಯಾರೂ ಮಾರಬಾರದೆಂದು ಮೂತಿಗೇ ಕೊಯ್ದು ಬಿಸಾಡುತ್ತಾರೆ. ತಪ್ಪು ಹಿಡಿದವರೇ ಕೊಯ್ಯಬೇಕು. ಆ ರಬ್ಬರಿನಲ್ಲಿ ಯಾವ ಕುಂದೂ ಇಲ್ಲವೆಂದು ನನಗೆ ಗೊತ್ತಿತ್ತು. ಸೊಂಟದ ಚೀಲದಿಂದ ಚಾಕು ತೆಗೆದು ಕೊಟ್ಟೆ. ಅವರು ಮಂಡಿಯ ಮೇಲೆ ಶೂವನ್ನಿಟ್ಟುಕೊಂಡು ಒಂದೇ ಎಳೆತಕ್ಕೆ ಕೊಯ್ದರು. ಸವೆದ ತುಟಿ ಪೂರಾ ಕಳಚಿ ಅವರ ಅಂಗೈಗೆ ಬಿತ್ತು. ಅದನ್ನು ಜೇಬಿಗೆ ಹಾಕಿಕೊಂಡರು.

ಮೊದಲು ಉಸಿರು ಬಂದದ್ದು ಮೇಡಂಗೆ.

"ಅಬ್ಬಾ! ಸಿಕ್ತಾ? ಕ್ಯಾಮೆರಾದಲ್ಲಿ ಸಿಕ್ತಾ?" ನನ್ನ ಕಡೆ ತಿರುಗಿದರು. ಕಣ್ಣುಗಳು ಹೊಳೆಯುತ್ತಿದ್ದವು. "ಈ ಕೊಯ್ತ ಇದೆಯಲ್ಲ, ಇದೇ ಓರೇಲಿ ಎಲ್ಲಾ ಜೋಡಿಗೂ ಬರ್ಬೇಕು. ನಿಮ್ಮ ಕೈಲಾಗತ್ತಲ್ವಾ?"

"ಆಗಲ್ಲ" ಎಂದೆ. ಇನ್ನೊಂದು ಮಾತು ಬೇಕೆನಿಸಿತು. "ಕೊಳೆ ಹಚ್ಚೋದೂ ಇನ್ಮೇಲೆ ನನ್ನ ಕೈಲಾಗಲ್ಲ."

"ಪರವಾಗಿಲ್ಲ, ಗಿಣಿ ಮಾಡ್ತಾಳೆ" ಎಂದು ಮೇಡಂ ಪತ್ರಿಕೆಯವರ ಕಡೆ ಹೋದರು.

ಜನ ಕರಗುವ ತನಕ ನಾವು ಅಲ್ಲೇ ಕೂತಿದ್ದೆವು. ನನ್ನ ಉಗುರಿನ ಸಂದಿಯಿಂದ ಹಳಸಲು ಚಹಾದ ವಾಸನೆ ಬರುತ್ತಿತ್ತು. ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡೆ.

"ನಿಜವಾಗ್ಲೂ ಕೊಯ್ಯಿಸ್ತಾಳಾ ಅವ್ಳು?" ದೊಡ್ಡಪ್ಪ ಕೇಳಿದರು.

"ಕೊಯ್ಯಿಸ್ತಾಳೆ. ಜನ ಸಾಲು ನಿಂತು ತಗೋತಾರೆ."

"ಥೂ! ಕಾಲಿಗೆ ಹಾಕ್ಕೊಳ್ಳೋದು ಕಣೇ ಅದು." ಎಡಗಾಲನ್ನು ಕುರ್ಚಿಯಡಿಗೆ ಸರಿಸಿ ತಗ್ಗಿದ ದನಿಯಲ್ಲಿ ಅಂದರು, "ಬಾಗಿಲಲ್ಲಿ ಯಾರಾದ್ರೂ ಇದಾರಾ ನೋಡು."

ಎದ್ದು ನೋಡಿದೆ. ಕ್ಯಾಮೆರಾದವನೊಬ್ಬ ತಂತಿ ಸುತ್ತುತ್ತಿದ್ದ.

"ಒಬ್ಬ ಇದಾನೆ."

"ಹಾಗಾದ್ರೆ ಕೂತ್ಕೋ."

ಕೂತೆ.