ಎಡಗಡೆ ಟೈರಿನ ಹಸಿರು ಬಣ್ಣ

ಆ ಮನೆಯ ಸೊಸೆಗೆ ಗಂಡನಿಟ್ಟ ಅಡ್ಡಹೆಸರು ಪತ್ತೇದಾರಿ. ಮದುವೆಯಾದ ಹೊಸತರಲ್ಲಿ, ಹಜಾರದ ಗಡಿಯಾರ ಯಾಕೆ ಸದಾ ಹಿಂದೆ ಬೀಳುತ್ತದೆ ಎಂದು ಅವಳು ಕೇಳಿದ್ದಕ್ಕೆ ಎಲ್ಲರೂ ‘ಅದು ಮೊದಲಿಂದಲೂ ಹಾಗೇ’ ಎಂದು ಸುಮ್ಮನಾಗಿದ್ದರು. ಅವಳು ಸುಮ್ಮನಾಗಲಿಲ್ಲ. ಸ್ಟೂಲು ಹತ್ತಿ ಗಡಿಯಾರ ಇಳಿಸಿ, ಬೆನ್ನು ಬಿಚ್ಚಿ, ಅದರ ಹೊಟ್ಟೆಯೊಳಗೆ ಒಣಗಿ ಕೂತಿದ್ದ ಹಲ್ಲಿಮರಿಯನ್ನು ಚಿಮಟಿಗೆಯಲ್ಲಿ ಹಿಡಿದು ಎಲ್ಲರಿಗೂ ತೋರಿಸಿದ್ದಳು. ಅಂದಿನಿಂದ ಹೆಸರು ಅಂಟಿಕೊಂಡಿತು. ಅವಳಿಗೂ ಅದರ ಮೇಲೆ ಬೇಸರವೇನಿರಲಿಲ್ಲ.

ಅವರದು ಗಾಜು, ಕನ್ನಡಿಯ ವ್ಯಾಪಾರ. ಕೆಳಗೆ ಅಂಗಡಿ, ಮೇಲೆ ಮನೆ. ಅಳತೆ ಹಿಡಿದು ಗಾಜು ಕತ್ತರಿಸುವುದು ಗಂಡನ ಕೆಲಸ, ಕತ್ತರಿಸಿದ್ದರ ಅಂಚು ಮಶೀನಿಗೆ ಹಿಡಿದು ನುಣುಪು ಮಾಡುವುದು ಅವಳದು. ಫೋನಿನಲ್ಲಿ ಬರುವ ಗಿರಾಕಿಗಳನ್ನು ಅತ್ತೆ ನೋಡಿಕೊಳ್ಳುತ್ತಿದ್ದರು. ತಯಾರಾದ ಮಾಲನ್ನು ಕಂಬಳಿ ಸುತ್ತಿ, ಪಿಕಪ್ಪಿನ ಹಿಂದಿನ ಕಬ್ಬಿಣದ ಚೌಕಟ್ಟಿಗೆ ಒರಗಿಸಿ ಕಟ್ಟಿ, ಗಂಡ ಹೆಂಡತಿ ಸರದಿಯಲ್ಲಿ ಗಾಡಿ ಓಡಿಸಿ ತಲುಪಿಸುತ್ತಿದ್ದರು.

ಒಂದು ದಿನ ಗಂಡ ಮಾಲು ಕೊಟ್ಟು ಬರುವಾಗ ಮುಖ ಬಿಳಿಚಿಕೊಂಡಿತ್ತು. ಸಿಗ್ನಲ್ಲಿನ ಹತ್ತಿರ ಬ್ರೇಕು ಒತ್ತಿದರೆ ಗಾಡಿ ಜಾರುತ್ತಾ ಹೋಗಿ ಮುಂದಿನ ಕಾರಿಗೆ ಕೂದಲೆಳೆಯಷ್ಟು ದೂರದಲ್ಲಿ ನಿಂತಿತಂತೆ. ಟೈರುಗಳು ಬೋಳು ತಲೆಯ ಹಾಗೆ ಸವೆದಿದ್ದವು.

“ನಾಲ್ಕೂ ಹೊಸದು ಹಾಕಿಸಿಬಿಡೋಣ” ಎಂದ ಗಂಡ. ಸಂಜೆ ಇಬ್ಬರೂ ಟೈರಿನ ಅಂಗಡಿಗೆ ಹೋದರು. ಅಲ್ಲಿ ಬಾಗಿಲ ಪಕ್ಕ ಒಂದು ಜೊತೆ ಟೈರು ಬೇರೆಯಾಗಿ ಒರಗಿಸಿಟ್ಟಿತ್ತು. ನೋಡಲು ಹೊಸದರಂತೆಯೇ ಇದ್ದವು. ಆದರೆ ಪಕ್ಕದ ಮೈ ಮಾತ್ರ ಮಾಸಿ ಬೂದಿ ಬಣ್ಣಕ್ಕೆ ತಿರುಗಿತ್ತು.

“ಅದು ರೀಟ್ರೆಡ್ಡಮ್ಮ. ಹಳೇ ಟೈರಿಗೆ ಹೊಸ ರಬ್ಬರು ಕೂರಿಸಿರೋದು” ಎಂದ ಅಂಗಡಿಯವನು. “ಅರ್ಧ ಬೆಲೆಗೂ ಕಡಿಮೆ. ಹಿಂದಿನ ಎರಡಕ್ಕೆ ಹಾಕಿಸ್ತಾರೆ ಕೆಲವರು. ಮುಂದಕ್ಕೆ ಹೊಸದೇ ಇರಲಿ.”

“ಮುಂದಕ್ಕೆ ಯಾಕೆ ಬೇಡ?”

“ಗಾಡಿ ತಿರುಗೋದು ಮುಂದಿನ ಚಕ್ರದಲ್ಲಿ ಅಲ್ವಾ? ಅಲ್ಲಿ ಏನಾದ್ರೂ ಆದ್ರೆ ಸ್ಟೀರಿಂಗು ಕೈಗೆ ಸಿಗಲ್ಲ.”

“ಮತ್ತೆ ರಬ್ಬರು ಹೇಗೆ ಕೂರಿಸ್ತಾರೆ? ಅಂಟಿನಲ್ಲಾ?”

ಅಂಗಡಿಯವನು ತಲೆ ಕೆರೆದುಕೊಂಡ. ಗಂಡ ಅವಳ ಮೊಣಕೈ ಹಿಡಿದು ಹೊರಗೆ ಕರೆದುಕೊಂಡು ಬಂದ. “ಹಳೇ ಚಪ್ಪಲಿಗೆ ಹೊಸ ಅಟ್ಟೆ ಹಾಕಿಸಿದ ಹಾಗೆ ಕಣೇ ಅದು. ದೊಡ್ಡ ರಸ್ತೆ ಪಕ್ಕದಲ್ಲಿ ಕಪ್ಪು ಸಿಪ್ಪೆ ಸುಲಿದು ಬಿದ್ದಿರುತ್ತಲ್ಲ, ನೋಡಿಲ್ವಾ? ಅದೇ ರೀಟ್ರೆಡ್ಡು.”

“ಅದು ರೀಟ್ರೆಡ್ಡಿನದೇ, ಹೊಸ ಟೈರಿಂದಲ್ಲ ಅಂತ ನಿಮಗೆ ಹೇಗೆ ಗೊತ್ತು?”

ಗಂಡನಿಗೆ ಗೊತ್ತಿರಲಿಲ್ಲ. ಎಲ್ಲರೂ ಹೇಳುತ್ತಾರೆ, ಅಷ್ಟೇ. ಅವಳ ತಲೆಯಲ್ಲಿ ಹುಳ ಕೊರೆಯಲು ಅಷ್ಟು ಸಾಕಾಗಿತ್ತು.

ಮರುದಿನ ಬೆಳಿಗ್ಗೆ ಮಾಲು ಇಳಿಸಿ ಬರುವಾಗ ಅವಳು ಗಾಡಿಯನ್ನು ನೇರ ರೀಟ್ರೆಡ್ ಶೆಡ್ಡಿಗೆ ತಿರುಗಿಸಿದಳು. ತಗಡಿನ ಉದ್ದನೆಯ ಶೆಡ್ಡು, ಒಳಗೆ ಸುಟ್ಟ ರಬ್ಬರಿನ ಘಾಟು. ಯಜಮಾನ ತೋರವಾದ ಆಳು, ಕಿವಿಯಲ್ಲಿ ಹತ್ತಿ. ನೋಡಬಹುದೇ ಎಂದು ಕೇಳಿದ್ದಕ್ಕೆ, ಯಾರೂ ಕೇಳದ ಪ್ರಶ್ನೆ ಕೇಳಿದವರನ್ನು ನೋಡುವ ಹಾಗೆ ನೋಡಿ, ನಕ್ಕು, “ಸೆರಗು ಮಾತ್ರ ಬಿಗಿಯಾಗಿ ಸಿಕ್ಕಿಸಿಕೊಳ್ಳಿ” ಎಂದ.

ಒಂದು ಯಂತ್ರ ಹಳೆಯ ಟೈರನ್ನು ಗರಗರ ತಿರುಗಿಸುತ್ತಾ ಅದರ ಸವೆದ ಮೇಲ್ಮೈಯನ್ನು ಉಜ್ಜಿ ತೆಗೆಯುತ್ತಿತ್ತು; ಕಪ್ಪು ಪುಡಿ ರಾಶಿ ಬೀಳುತ್ತಿತ್ತು. ಗಾಜಿನ ಅಂಚು ತೀಡುವಾಗ ಬಿಳಿಯ ಕೆಸರು ಇಳಿಯುವುದನ್ನು ನೋಡಿ ಗೊತ್ತಿದ್ದ ಅವಳಿಗೆ ಈ ಕೆಲಸ ನೆಂಟರ ಮನೆಯದು ಅನ್ನಿಸಿತು. ಉಜ್ಜಿದ ಟೈರಿಗೆ ತೆಳುವಾದ ಹಸಿ ರಬ್ಬರು ಸುತ್ತಿ, ಅದರ ಮೇಲೆ ಗೆರೆ ಕೊರೆದ ಹೊಸ ಪಟ್ಟಿ ಬಿಗಿದು, ದೊಡ್ಡ ಉಕ್ಕಿನ ಹಂಡೆಯೊಳಗೆ ತೂಗುಹಾಕಿ, ಬಾಗಿಲು ಮುಚ್ಚಿ ಒತ್ತಡದಲ್ಲಿ ಬೇಯಿಸುತ್ತಿದ್ದರು.

“ಅಂಟು ಅಲ್ಲಮ್ಮ, ಬೆಂದು ಒಂದಾಗಿಬಿಡುತ್ತೆ” ಎಂದ ಯಜಮಾನ. “ಮೇಲಿನ ಪಟ್ಟಿ ಯಾರು ಬೇಕಾದ್ರೂ ಹಾಕ್ತಾರೆ. ಒಳಗಿನ ಹಳೇ ಮೈ ಗಟ್ಟಿ ಇರಬೇಕು. ಅದನ್ನು ನೋಡದೆ ಹಾಕೋರ ಕೆಲಸಾನೇ ರಸ್ತೆ ಮೇಲೆ ಬಿದ್ದಿರೋದು. ಹಾಗಂತ ಹೊಸ ಟೈರು ಸಿಪ್ಪೆ ಬಿಡಲ್ಲ ಅಂತೇನಿಲ್ಲ. ಗಾಳಿ ಕಮ್ಮಿ ಇಟ್ಟು ಭಾರ ಹೇರಿದ್ರೆ ಅದೂ ಬಿಡುತ್ತೆ.”

“ಹಾಗಾದ್ರೆ ನಮ್ಮ ಟೈರು ಗಟ್ಟಿ ಇದೆಯಾ?”

ಜಾಕ್ ಏರಿಸಿ ಹಿಂದಿನ ಎರಡನ್ನೂ ಬಿಚ್ಚಿಸಿದ. ಬಲಗಡೆಯದರ ಒಳಗೆ ದೀಪ ಹಿಡಿದು, ಮಗುವಿನ ಬೆನ್ನು ಸವರಿದ ಹಾಗೆ ಸುತ್ತಲೂ ಸವರಿ, “ಇದು ಆಗುತ್ತೆ” ಎಂದ. ಎಡಗಡೆಯದನ್ನು ತಿರುಗಿಸುತ್ತಿದ್ದಂತೆ ಅವನ ಕೈ ನಿಂತಿತು. ಪಕ್ಕದ ಮೈ ಒಂದೆಡೆ ಕಿತ್ತು, ಒಳಗಿನ ನೂಲು ಹಲ್ಲು ಕಿರಿದಿತ್ತು.

“ಇದರ ಮೇಲೆ ಗಾಜು ಹೇರಿಕೊಂಡು ಓಡಾಡ್ತಿದ್ರಾ? ದೇವರು ದೊಡ್ಡವನು. ಇದು ಸವೆತ ಅಲ್ಲ, ಉಜ್ಜಿರೋದು. ಫುಟ್‌ಪಾತಿನ ಅಂಚಿಗೆ ತಾಗಿಸಿ ತಾಗಿಸಿ ನಿಲ್ಸಿದ್ದಾರೆ. ಮನೇಲಿ ಯಾರೋ ಡ್ರೈವಿಂಗ್ ಕಲೀತಾ ಇದ್ದಾರೆ ಅಲ್ವಾ?”

“ಯಾರೂ ಇಲ್ಲ. ನಾವಿಬ್ಬರೇ ಓಡಿಸೋದು.”

“ಹಾಗಾದ್ರೆ ಇದೇನು?” ಎಂದು ಅವನು ಉಗುರಿನಿಂದ ಕೆರೆದು ತೋರಿಸಿದ. ರಬ್ಬರಿನ ಮೇಲೆ ಹಸಿರು ಬಣ್ಣ ಮೆತ್ತಿಕೊಂಡಿತ್ತು. ಅವಳು ಓಡಾಡುವ ಬೀದಿಗಳಲ್ಲಿ ಹಸಿರು ಬಳಿದ ಫುಟ್‌ಪಾತು ಒಂದೂ ಇರಲಿಲ್ಲ.

ಬಲಗಡೆಯದನ್ನು ಅಲ್ಲೇ ಬಿಟ್ಟು, ಮನೆಯಲ್ಲಿ ತೀರ್ಮಾನವಾಗುವವರೆಗೆಂದು ಶೆಡ್ಡಿನವರು ಕೊಟ್ಟ ಎರವಲು ಜೊತೆ ಹಾಕಿಸಿಕೊಂಡು ಅವಳು ಹೊರಟಳು. ಟೈರಿನ ಯೋಚನೆ ಹಿಂದೆ ಸರಿದು ಹಸಿರು ಬಣ್ಣ ಮುಂದೆ ಬಂದು ಕೂತಿತ್ತು.

ರಾತ್ರಿ ಊಟದ ಹೊತ್ತಿಗೆ, ಅತ್ತೆ ಕೈ ತೊಳೆದು ಎದ್ದ ಮೇಲೆ, ಗಂಡನನ್ನು ಹಿಡಿದಳು. “ಮಧ್ಯಾಹ್ನ ಊಟ ಆದ್ಮೇಲೆ ನಿದ್ದೆ ಅಂತ ಮೇಲೆ ಹೋಗ್ತೀರಲ್ಲ, ನಿಜವಾಗಿ ಎಲ್ಲಿಗೆ ಹೋಗ್ತೀರಿ?”

“ನಿದ್ದೆಗೆ!” ಎಂದ ಗಂಡ, ತುತ್ತು ಬಾಯಲ್ಲೇ ಇಟ್ಟುಕೊಂಡು. ಆಮೇಲೆ ಅವನಿಗೂ ಏನೋ ನೆನಪಾಯಿತು. “ಅದಿರಲಿ, ನೀನು ಗಾಡಿ ಸೀಟನ್ನು ಅಷ್ಟೊಂದು ಮುಂದಕ್ಕೆ ಎಳೀತೀಯಲ್ಲ, ಯಾಕೆ? ದಿನಾ ಹತ್ತುವಾಗ ನನ್ನ ಮಂಡಿ ಸ್ಟೀರಿಂಗಿಗೆ ಬಡಿಯುತ್ತೆ.”

“ನಾನಾ? ನೀವು ಎಳೀತೀರಿ ಅಂತ ನಾನು ಹಿಂದಕ್ಕೆ ತಳ್ತಾ ಇದ್ದೀನಿ!”

ಇಬ್ಬರೂ ಮುಖ ಮುಖ ನೋಡಿಕೊಂಡರು. ಇಷ್ಟು ದಿನ ಇಬ್ಬರೂ ಒಬ್ಬರ ಮೇಲೊಬ್ಬರು ಗೊಣಗಿಕೊಂಡು, ತುಟಿ ಪಿಟಕ್ಕೆನ್ನದೆ ಸೀಟು ಸರಿಮಾಡಿಕೊಂಡಿದ್ದರು. ಗಾಡಿ ಯಾರೋ ಗಿಡ್ಡಗಿರುವವರ ಕೈಗೆ ಹೋಗುತ್ತಿತ್ತು. ಕಳ್ಳನಾದರೆ ವಾಪಸು ತಂದಿಡುವುದು ಯಾಕೆ?

ಮಾರನೆಯ ಮಧ್ಯಾಹ್ನ ಗಂಡ ಮೇಲೆ ಮಲಗಿದ. ಅವಳು ಎಂದಿನಂತೆ ಅಂಚು ತೀಡುವ ಮಶೀನು ಹಾಕಿದಳು. ಅದರ ಕಿರುಚಾಟದಲ್ಲಿ ಹೊರಗೆ ಆನೆ ಹೋದರೂ ತಿಳಿಯುತ್ತಿರಲಿಲ್ಲ ಎಂದು ಅವಳಿಗೆ ಹೊಳೆದದ್ದೂ ಆಗಲೇ. ಗಾಜು ಹಿಡಿಯದೆ, ಮಶೀನನ್ನು ಅದರ ಪಾಡಿಗೆ ಕೂಗಲು ಬಿಟ್ಟು, ಕಿಟಕಿ ಚೌಕಟ್ಟುಗಳ ಹಿಂದೆ ಬಗ್ಗಿ ಕೂತಳು.

ಸ್ವಲ್ಪ ಹೊತ್ತಿಗೆ ಅತ್ತೆ ಮೆಟ್ಟಿಲಿಳಿದು ಬಂದರು. ಕಂಕುಳಲ್ಲಿ ದಿಂಬು. ಮೊಳೆಗೆ ತೂಗುಹಾಕಿದ್ದ ಗಾಡಿಯ ಕೀಲಿಯನ್ನು, ಅಡುಗೆಮನೆಯ ಡಬ್ಬಿಯಿಂದ ಬೆಲ್ಲ ಕದಿಯುವ ಮಗುವಿನ ಹಾಗೆ ಎರಡು ಬೆರಳಲ್ಲಿ ಎತ್ತಿಕೊಂಡರು. ಹೊರಗೆ ಅವರ ಗೆಳತಿ ಕಾಯುತ್ತಿದ್ದರು. ಆಸ್ಪತ್ರೆಯ ಆಂಬುಲೆನ್ಸ್ ಓಡಿಸಿ ನಿವೃತ್ತರಾದ ಆಕೆಯನ್ನು ಬೀದಿಯವರೆಲ್ಲ ಕರೆಯುವುದೇ ಸೈರನ್ ಅಕ್ಕ ಎಂದು.

ಮಶೀನು ಆರಿಸಿ, ಸೈಕಲ್ ಹತ್ತಿ ಅವಳು ಹಿಂಬಾಲಿಸಿದಳು. ಕಷ್ಟವೇನಾಗಲಿಲ್ಲ. ಸೈರನ್ ಅಕ್ಕ ಓಡಿಸುವಾಗ ಸ್ವಲ್ಪ ತುಳಿಯಬೇಕಾಯಿತು. ತಿರುವಿನಲ್ಲಿ ಇಬ್ಬರೂ ಜಾಗ ಬದಲಾಯಿಸಿಕೊಂಡ ಮೇಲೆ, ಸೈಕಲ್ಲೇ ಗಾಡಿಯನ್ನು ದಾಟಿ ಹೋಗದಂತೆ ಬ್ರೇಕು ಹಿಡಿಯಬೇಕಾಯಿತು. ಪಿಕಪ್ಪು ಬಸುರಿಯ ನಡಿಗೆಯಲ್ಲಿ ಹೋಗಿ, ಎಂದೋ ಮುಚ್ಚಿದ ಸಿನಿಮಾ ಮಂದಿರದ ಬಯಲಿಗೆ ತಿರುಗಿತು. ಬಯಲಿನ ಸುತ್ತ ಕಲ್ಲಿನ ಅಂಚುಕಟ್ಟು. ಅದಕ್ಕೆ ಬಳಿದಿದ್ದದ್ದು ಹಸಿರು ಬಣ್ಣ.

“ಬಿಡು, ಬಿಡು, ಕ್ಲಚ್ಚು ಬಿಡೇ!” ಸೈರನ್ ಅಕ್ಕನ ಗಂಟಲು ಹೆಸರಿಗೆ ತಕ್ಕಂತಿತ್ತು. ಗಾಡಿ ಹಿಂದೆ ಬಂದು, ಅಂಚಿಗೆ ಕರ್ರೆಂದು ಉಜ್ಜಿ, ಜೋಲಿ ಹೊಡೆದು ನಿಂತಿತು. ಅತ್ತೆ ಕನ್ನಡಿಯಲ್ಲಿ ನೋಡಿದರು. ಕನ್ನಡಿಯಲ್ಲಿ ಸೈಕಲ್ಲು ಹಿಡಿದ ಸೊಸೆ ಕಾಣಿಸಿದಳು.

ಅತ್ತೆ ಇಳಿದು ಬಂದು, ಪೆಚ್ಚುಮೋರೆ ಹಾಕಿಕೊಂಡು, “ಬೈಯೋದಾದ್ರೆ ಇಲ್ಲೇ ಬೈದುಬಿಡಮ್ಮ, ಮನೇಲಿ ಮಗನ ಮುಂದೆ ಬೇಡ” ಎಂದರು.

“ಬೈಯಲ್ಲ ಅತ್ತೆ. ಯಾಕೆ ಅಂತ ಮಾತ್ರ ಹೇಳಿ.”

“ಕಲಿಯೋರ ಲೈಸೆನ್ಸು ಮಾಡಿಸಿದೀನಿ, ಕದ್ದೇನೂ ಇಲ್ಲ.” ಅತ್ತೆ ಸೀರೆಯ ನೆರಿಗೆ ಕೊಡವಿದರು. “ಮದುವೆಯಾದಾಗಿಂದ ಪಕ್ಕದ ಸೀಟೇ ನಂದು. ಮೊದಲು ನಿಮ್ಮ ಮಾವ, ಆಮೇಲೆ ಮಗ, ಈಗ ನೀನು. ನಿಲ್ಲಿಸಿದ ಕಡೆ ಇಳೀಬೇಕು, ಹೊರಟಾಗ ಹತ್ತಬೇಕು. ಆ ಚಕ್ರ ತಿರುಗಿಸಿದ್ರೆ ಹೇಗಿರುತ್ತೆ ಅಂತ ಒಂದ್ಸಲ ನೋಡಬೇಕು ಅನ್ನಿಸಿತು. ನಿನಗೊಬ್ಬಳಿಗೇ ಕುತೂಹಲ ಇರಬೇಕಾ?”

ಸೊಸೆಗೆ ನಗು ತಡೆಯಲಾಗಲಿಲ್ಲ. ಆದರೆ ಎಡಗಡೆ ಟೈರಿನ ನೂಲು ನೆನಪಾಗಿ ನಗು ಅರ್ಧಕ್ಕೇ ನಿಂತಿತು. ಹೇಳಿದಳು. ಕೇಳುತ್ತಾ ಕೇಳುತ್ತಾ ಅತ್ತೆಯ ಮುಖದ ನೀರಿಳಿಯಿತು. “ಅದೇ ಟೈರಿನ ಮೇಲೆ ನೀವಿಬ್ಬರೂ ಗಾಜು ಹೊತ್ತುಕೊಂಡು...” ಎಂದು ಮಾತು ಮುಗಿಸದೆ ಕಲ್ಲಿನ ಮೇಲೆ ಕೂತುಬಿಟ್ಟರು. ಸೈರನ್ ಅಕ್ಕನೂ ಮೊದಲ ಬಾರಿಗೆ ದನಿ ತಗ್ಗಿಸಿ, “ಟೈರು ನೋಡಬೇಕಾಗಿದ್ದವಳು ನಾನು” ಎಂದರು.

ಆ ಸಂಜೆ ಅತ್ತೆ ತಾವೇ ಮಗನನ್ನು ಕೂರಿಸಿಕೊಂಡು ಎಲ್ಲ ಹೇಳಿದರು. ಅವನು ಕೂಗಾಡಿದ. ಅಮ್ಮ ಗಾಡಿ ಮುಟ್ಟಿದ್ದಕ್ಕಿಂತ, ಸೈರನ್ ಅಕ್ಕನಿಗೆ ಗೊತ್ತಿದ್ದು ಮಗನಾದ ತನಗೆ ಗೊತ್ತಿಲ್ಲದ್ದು ಅವನಿಗೆ ಹೆಚ್ಚು ಉರಿದಿರಬೇಕು. ಕೂಗಾಟ ಮುಗಿದ ಮೇಲೆ, “ನಾಳೇನೇ ನಾಲ್ಕೂ ಹೊಸ ಟೈರು. ಮಾತಿಲ್ಲ” ಎಂದ.

“ಹಿಂದಕ್ಕೂ ಹೊಸದಾ?” ಎಂದರು ಅತ್ತೆ ಮೆಲ್ಲಗೆ. “ನಾನು ಕಲಿಯೋದು ಬಿಡಲ್ಲಪ್ಪ. ಉಜ್ಜದೆ ಗಾಡಿ ನಿಲ್ಸೋಕೆ ಇನ್ನೂ ಬರ್ತಿಲ್ಲ. ಹೊಸದನ್ನೂ ಉಜ್ಜಿ ಹಾಕ್ತೀನಿ. ಹೊಟ್ಟೆ ಉರಿಸಿಕೊಳ್ಳೋದು ನೀನೇ.”

ಗಂಡ ಹೆಂಡತಿಯ ಕಡೆ ತಿರುಗಿದ. “ನಿನ್ನ ಪತ್ತೇದಾರಿಕೆ ಏನು ಹೇಳುತ್ತೆ?”

“ಉಜ್ಜಿದ್ರೆ ಹೊಸದೂ ಅಷ್ಟೇ, ರೀಟ್ರೆಡ್ಡೂ ಅಷ್ಟೇ ಅತ್ತೆ, ನೂಲು ಕಿತ್ತುಹೋದ ಮೇಲೆ ಎರಡೂ ಕಸ” ಎಂದಳು ಅವಳು. ಆಮೇಲೆ ಗಂಡನಿಗೆ, “ಮುಂದಕ್ಕೆ ಹೊಸದು ಹಾಕಿಸೋಣ, ಅದರಲ್ಲಿ ಎರಡು ಮಾತಿಲ್ಲ. ಹಿಂದಕ್ಕೆ ರೀಟ್ರೆಡ್ಡು ಅಂತ ನನಗನ್ನಿಸುತ್ತೆ. ಆದ್ರೆ ನಾನು ಹೇಳಿದ್ದು ಅಂತ ಒಪ್ಪಬೇಡಿ. ಬಂದು ನೋಡಿ. ನೋಡಿದ್ಮೇಲೂ ಬೇಡ ಅನ್ನಿಸಿದ್ರೆ ನಾಲ್ಕೂ ಹೊಸದೇ.”

ಗಂಡ ಒಲ್ಲದ ಮನಸ್ಸಿನಿಂದ ಬಂದ. ಶೆಡ್ಡಿನ ಬಾಗಿಲಲ್ಲಿ ಮೂಗು ಮುಚ್ಚಿಕೊಂಡವನು, ಯಂತ್ರದ ಮುಂದೆ ನಿಂತ ಮೇಲೆ ಕೈ ತೆಗೆದ. ಯಜಮಾನ ಅವರ ಬಲಗಡೆ ಟೈರಿಗೆ ಸರಿಜೋಡಿಯಾಗುವ, ಪರೀಕ್ಷೆಯಲ್ಲಿ ಪಾಸಾದ ಇನ್ನೊಂದನ್ನು ತಂದಿಟ್ಟ. ಗಂಡ ಬಗ್ಗಿ ಅದರೊಳಗೆ ತಲೆ ತೂರಿಸಿ ನೋಡಿದ, ಬೆರಳಾಡಿಸಿದ, ಮೂಸಿದ. “ಈ ಮೈಯನ್ನು ಎಷ್ಟು ಸಲ ಹೀಗೆ ಬೇಯಿಸಬಹುದು? ಒಳಗೆ ತಂತಿ ಕೆಟ್ಟಿದ್ರೆ ಹೊರಗಿಂದ ಹೇಗೆ ಗೊತ್ತಾಗುತ್ತೆ? ಈ ತೇಪೆ ಯಾವಾಗಿಂದು?” ಎಂದು ಒಂದರ ಮೇಲೊಂದು ಕೇಳತೊಡಗಿದ. ಯಜಮಾನ ಅವಳತ್ತ ನೋಡಿ, “ಇವರಿಗೂ ಅಂಟಿಸಿದ್ರಾ?” ಎಂದ.

ಕೊನೆಗೆ ಗಂಡ ಮಾಸಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, “ಹಿಂದಕ್ಕೆ ಇದೇ ಇರಲಿ” ಎಂದ. ಅದನ್ನು ಹೇಳುವಾಗ ಹೆಂಡತಿಯ ಮುಖ ನೋಡಲಿಲ್ಲ.

ಟೈರುಗಳು ಬೆಂದು, ಆರಿ, ಗಾಡಿಗೆ ಕೂತ ದಿನ ಮೂವರೂ ಹೋಗಿದ್ದರು. ಅತ್ತೆ ದಿಂಬು ಹಾಕಿಕೊಂಡು ಸ್ಟೀರಿಂಗಿನ ಮುಂದೆ ಕೂತರು. ಮಗ ನಡುವೆ, ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟುಕೊಂಡು. ಸೊಸೆ ಕಿಟಕಿಯ ಪಕ್ಕ. ಗೇಟು ದಾಟುವಾಗ ಗಾಡಿ ಒಮ್ಮೆ ಕೆಮ್ಮಿತು, ಆರಿತು, ಮತ್ತೆ ಹೊರಟಿತು. ಮನೆಗೆ ಹೋಗಲು ಬಲಕ್ಕೆ ತಿರುಗಬೇಕು. ಅತ್ತೆ ಇಂಡಿಕೇಟರು ಹಾಕಿ, ಎರಡೂ ಕಡೆ ನೋಡಿ, ನಿಧಾನವಾಗಿ ಎಡಕ್ಕೆ ತಿರುಗಿಸಿದರು.

“ಅಮ್ಮ, ಮನೆ ಆ ಕಡೆ!”

“ಗೊತ್ತು ಕಣೋ. ಈ ರಸ್ತೆ ಎಲ್ಲಿಗೆ ಹೋಗುತ್ತೆ?”

ಮಗ ಬಾಯಿ ತೆರೆದ. ಅವನಿಗೂ ತಿಳಿದಿರಲಿಲ್ಲ. ಸೊಸೆ ಕಿಟಕಿಯ ಗಾಜು ಇಳಿಸಿ, ತಲೆ ಹೊರಗೆ ಚಾಚಿ, ಎಡಗಡೆಯ ಅಂಚುಕಲ್ಲಿಗೂ ಟೈರಿಗೂ ನಡುವೆ ಎಷ್ಟು ಜಾಗ ಉಳಿದಿದೆ ಎಂದು ನೋಡಿದಳು. “ಹೋಗಿ ಅತ್ತೆ” ಎಂದಳು, “ಸ್ವಲ್ಪ ಬಲಕ್ಕಿರಲಿ.”